ತೋಟದ ಮನೆಗೆ ಬೀಗ ಬೀಳುವಾಗ ಕರಿಯ ಎಲ್ಲಿಗೆ?

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅಡಿಕೆ ತೋಟದ ನಡುವಿನ ಒಂಟಿ ಮನೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅಮ್ಮನಿಗೆ 68. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಈಗ ಶಿವಮೊಗ್ಗದಲ್ಲಿ ನಮ್ಮ ಜೊತೆ ಇದ್ದಾರೆ. ನಮ್ಮದು ಬಾಡಿಗೆ ಮನೆ, ಮಹಡಿ ಮೇಲೆ. ನಾನೂ ನಮ್ಮ ಮನೆಯವರೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಾಲೀಕರು ನಾಯಿ ಬೇಡ ಅಂದಿದ್ದಾರೆ. ಊರಲ್ಲಿ ಕರಿಯ ಅಂತ ಏಳು ವರ್ಷದ ಗಂಡು ನಾಯಿ ಇದೆ, ನಾಟಿ ನಾಯಿ. ದಿನ ಬಿಟ್ಟು ದಿನ ತೋಟಕ್ಕೆ ಬರುವ ಕೆಲಸದವರು ಅನ್ನ ಹಾಕುತ್ತಾರೆ. ಮಧ್ಯಾಹ್ನ ಕೆಳಮನೆಗೆ ಹೋಗಿ ಅಲ್ಲಿನ ಮಕ್ಕಳ ಜೊತೆ ಇರುತ್ತಾನಂತೆ, ರಾತ್ರಿ ಮಾತ್ರ ನಮ್ಮ ಜಗಲಿಗೇ ಬಂದು ಮಲಗುತ್ತಾನಂತೆ. (ಕೆಳಮನೆಯವರು ದಾಯಾದಿಗಳು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ವಿಷಯಕ್ಕೆ ಅಪ್ಪನ ಕಾಲದಿಂದ ಮಾತಿಲ್ಲ.) ಆಗುಂಬೆ ರಸ್ತೆಯಲ್ಲಿ ಹೋಂಸ್ಟೇ ನಡೆಸುವವರೊಬ್ಬರು ನಮಗೆ ಕೊಡಿ ಅಂತಿದ್ದಾರೆ. ನಮ್ಮ ಭಾವ, "ದೇವಸ್ಥಾನದ ಹತ್ತಿರ ಬಿಟ್ಟುಬಿಡಿ, ಪ್ರಸಾದ ತಿಂದುಕೊಂಡು ಇರುತ್ತೆ" ಅಂತಾರೆ. ಅಮ್ಮನನ್ನು ಕೇಳಿದರೆ "ನಿಮಗೆ ಹೆಂಗೆ ಅನುಕೂಲವೋ ಹಂಗೆ ಮಾಡಿ" ಅಂತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಅಪ್ಪ ಸಾಕಿದ ನಾಯಿಯನ್ನು ಬೇರೆಯವರಿಗೆ ಕೊಡುವುದು ತಪ್ಪಾ? ಏನು ಮಾಡಲಿ?

ಉತ್ತರ: ತಪ್ಪಲ್ಲ. ಇದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ತುಂಬ ಆ ಒಂದು ಪ್ರಶ್ನೆಯೇ ಬೇರೆ ಬೇರೆ ವೇಷ ಹಾಕಿಕೊಂಡು ಬಂದಿದೆ. ಹೊಂದುವ ಮನೆ ನೋಡಿ, ಹೇಳಿ ಕೇಳಿ, ಕೈಗೆ ಕೈ ಕೊಟ್ಟು ಒಪ್ಪಿಸುವುದೂ ಸಾಕುವ ಕೆಲಸದ ಒಂದು ಭಾಗವೇ. ನೀವು ಕೊಟ್ಟುಬಿಡುತ್ತೀರಿ ಅನ್ನುವ ಹೆದರಿಕೆ ನನಗಿಲ್ಲ. ಏನೂ ತೀರ್ಮಾನ ಮಾಡದೆ ಇನ್ನೊಂದು ಮಳೆಗಾಲ ದಾಟಿಸಿಬಿಡುತ್ತೀರಿ ಅನ್ನುವ ಹೆದರಿಕೆ ಇದೆ.

ಮೂವತ್ತು ವರ್ಷ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು ನಾನು, ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯೆಲ್ಲ. ಶುರುವಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಮನೆ ತುಂಬ ಜನ, ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಅನ್ನ ಹಾಕುತ್ತಿದ್ದರು. ಈಗ ಒಂಟಿ ಮನೆಗಳಿಗೆ ಬೀಗ ಬೀಳುವ ಕ್ರಮ ನನಗೆ ಬಾಯಿಪಾಠ ಆಗಿದೆ. ಮೊದಲು ಕರೆಯುವ ದನ ಹೋಗುತ್ತದೆ, ಅದಕ್ಕೆ ಗಿರಾಕಿ ಇರುತ್ತದೆ. ಆಮೇಲೆ ಗೊಡ್ಡು ದನ ಯಾರದೋ ಕೊಟ್ಟಿಗೆ ಸೇರುತ್ತದೆ. ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ ಹೋಗುತ್ತದೆ. ಹಂಡೆ, ಪಾತ್ರೆ, ದೇವರ ಪಟ ಕಾರಿನ ಡಿಕ್ಕಿಗೆ ಹೋಗುತ್ತವೆ. ಕೊನೆಗೆ ಉಳಿಯುವುದು ನಾಯಿ. ಅದಕ್ಕೆ ಬೆಲೆಯೂ ಇಲ್ಲ, ಪಹಣಿಯೂ ಇಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಕೂತು ಮಾತಾಡುವುದಿಲ್ಲ. "ಸದ್ಯಕ್ಕೆ ಇರಲಿ" ಅಂತಾರೆ.

ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಆ "ಸದ್ಯಕ್ಕೆ"ಯೇ. ನೀವು ಕೊಟ್ಟ ದಾರಿಗಳಲ್ಲಿ ಇದೇ ಎಲ್ಲಕ್ಕಿಂತ ಕರುಣೆಯದಾಗಿ ಕಾಣುತ್ತದೆ: ಅದರ ಮನೆ, ಅದರ ಜಗಲಿ, ಹೊಟ್ಟೆಗೆ ಅನ್ನ. ನನ್ನ ಲೆಕ್ಕದಲ್ಲಿ ದೇವಸ್ಥಾನದ ಮುಂದೆ ಬಿಡುವುದನ್ನು ಬಿಟ್ಟರೆ ಇದಕ್ಕಿಂತ ಕೆಟ್ಟದ್ದಿಲ್ಲ. ದಿನ ಬಿಟ್ಟು ದಿನ ಅನ್ನ ಸಿಗುವ ನಾಯಿ ಆ ನಡುವಿನ ದಿನ ಏನು ಮಾಡುತ್ತದೆ? ಕಾಡಿಗೆ ಇಳಿಯುತ್ತದೆ. ಮೊಲ, ಕಾಡುಕುರಿ ಅಟ್ಟುತ್ತದೆ. ಹಂದಿಗೆ ಅಂತ ಬೇಲಿಯಲ್ಲಿ ಇಟ್ಟ ಉರುಲಿಗೆ ಸೊಂಟ ಸಿಕ್ಕಿಸಿಕೊಂಡ ನಾಯಿಗಳ ತಂತಿ ಕತ್ತರಿಸಿದ್ದೇನೆ. ಸಿಡಿಮದ್ದಿನ ಉಂಡೆ ಕಚ್ಚಿ ಕೆಳದವಡೆಯೇ ಹೋದ ನಾಯಿಯನ್ನು ಒಮ್ಮೆ ಮೇಜಿನ ಮೇಲೆ ಮಲಗಿಸಿದ್ದರು, ಅದು ಬಾಲ ಆಡಿಸುತ್ತಿತ್ತು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಇನ್ನು ರಾತ್ರಿ. ಮನೆಯಲ್ಲಿ ಜನ ಇದ್ದಾಗ ಜಗಲಿ ಅಂದರೆ ದೀಪ, ಕೆಮ್ಮು, ರೇಡಿಯೋ, ಬಚ್ಚಲೊಲೆಯ ಹೊಗೆ. ಬೀಗ ಹಾಕಿದ ಮನೆಯ ಜಗಲಿ ಚಿರತೆಯ ಲೆಕ್ಕದಲ್ಲಿ ಕಾಡಿನದೇ ಒಂದು ಕಲ್ಲುಹಾಸು. ಕರಿಯ ಎರಡು ತಿಂಗಳು ಅಲ್ಲಿ ಉಳಿದಿದ್ದಾನೆ ಅಂದರೆ ಜಾಣನೂ ಇರಬೇಕು, ಅದೃಷ್ಟವಂತನೂ ಇರಬೇಕು. ಆದ್ದರಿಂದ ಮಿಕ್ಕಿದ್ದೆಲ್ಲ ಯೋಚಿಸುವ ಮೊದಲು, ಈ ವಾರವೇ, ರಾತ್ರಿ ಬಾಗಿಲು ಹಾಕುವ ಜಾಗದಲ್ಲಿ ಅವನು ಮಲಗುವ ಹಾಗೆ ಮಾಡಿ. ಕೆಲಸದವರು ತಮ್ಮ ಮನೆಗೆ ಕರೆದುಕೊಂಡು ಹೋದರೂ ಸರಿ. ಜಗಲಿಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟುವುದು ಮಾತ್ರ ಬೇಡವೇ ಬೇಡ. ಬಿಚ್ಚಿದ ನಾಯಿ ಓಡಬಹುದು, ಕಟ್ಟಿದ ನಾಯಿ ಎಲ್ಲಿಗೆ ಓಡೀತು.

ನಿಮ್ಮ ಭಾವನವರ ಸಲಹೆ ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ. ಪ್ರಸಾದ ಸಿಗುವ ಜಾಗದಲ್ಲಿ ಆಗಲೇ ಹತ್ತು ನಾಯಿಗಳಿರುತ್ತವೆ, ಆ ಜಾಗ ಅವುಗಳದು. ಏಳು ವರ್ಷ ಒಂದೇ ಅಂಗಳದಲ್ಲಿ ಯಜಮಾನನಾಗಿದ್ದ ನಾಯಿಯನ್ನು ಅಲ್ಲಿ ಇಳಿಸಿದರೆ ಮೊದಲ ರಾತ್ರಿಯೇ ಕಚ್ಚಿಸಿಕೊಳ್ಳುತ್ತದೆ. ಅಲ್ಲಿ ಹುಚ್ಚುನಾಯಿ ಒಂದಿದ್ದರೆ ಮುಂದಿನದು ಕರಿಯನೊಬ್ಬನ ಕಷ್ಟವಾಗಿ ಉಳಿಯುವುದಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗೂ ಮನುಷ್ಯರಿಗೂ ಮದ್ದಿಲ್ಲ. ಕಾನೂನೂ ಇದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ, ಆ ಕಾಲದ ದುಡ್ಡು. ಇವತ್ತು ಒಂದು ಮಸಾಲೆ ದೋಸೆಯ ಬೆಲೆಯೂ ಆಗದ ಆ ದಂಡಕ್ಕೆ ನಿಮ್ಮ ಭಾವ ಹೆದರುವುದಿಲ್ಲ ಬಿಡಿ. ಹಾಗಂತ ಇನ್ನೊಂದು ಕಡೆಯಿಂದ ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಡಲಿಲ್ಲ ಅಂತ ಕಥೆ ಹೇಳಿಕೊಂಡು ಬರುವವರೂ ಸಿಗುತ್ತಾರೆ. ಧರ್ಮರಾಯನಿಗೆ ಮಹಡಿ ಮೇಲೆ ಬಾಡಿಗೆ ಮನೆ ಇರಲಿಲ್ಲ.

ಈಗ ಒಂದು ವಿಚಾರ ಮೊದಲು ಇತ್ಯರ್ಥವಾಗಬೇಕು. ಅಮ್ಮ ಊರಿಗೆ ವಾಪಸು ಹೋಗುತ್ತಾರೋ ಇಲ್ಲವೋ? ನಿಮ್ಮ ಪತ್ರದಲ್ಲಿ ಇದು ಎಲ್ಲೂ ಇಲ್ಲ. ಆಪರೇಷನ್ ಮಾಡಿದ ಮೂಳೆ ಡಾಕ್ಟರನ್ನು ನೇರವಾಗಿ ಕೇಳಿ: ಮೆಟ್ಟಿಲು, ಹೊಸ್ತಿಲು, ಪಾಚಿಗಟ್ಟಿದ ಅಂಗಳ ಇರುವ ಮನೆಯಲ್ಲಿ ಇವರು ಒಬ್ಬರೇ ಇರುವ ಹಾಗಾಗುತ್ತದಾ, ಆಗುವುದಾದರೆ ಯಾವಾಗ? ಆರು ತಿಂಗಳಲ್ಲಿ ಜೊತೆಗೊಬ್ಬರನ್ನು ಇಟ್ಟುಕೊಂಡು ಹೋಗಬಹುದು ಅಂದರೆ ಕರಿಯನನ್ನು ಯಾರಿಗೂ ಕೊಡುವ ಪ್ರಶ್ನೆಯೇ ಇಲ್ಲ, ಅಲ್ಲಿಯವರೆಗೆ ನೋಡಿಕೊಳ್ಳುವವರು ಸಿಕ್ಕರೆ ಸಾಕು. ಆರು ತಿಂಗಳ ತೊಂದರೆಗೆ ಅವಸರದಲ್ಲಿ ನಾಯಿ ಕೊಟ್ಟು, ಆಮೇಲೆ ಕೇಳಲೂ ಆಗದೆ ಬಿಡಲೂ ಆಗದೆ ಒದ್ದಾಡಿದ ಮನೆಗಳು ನನಗೆ ಗೊತ್ತು. ಡಾಕ್ಟರು ತಲೆ ಅಲ್ಲಾಡಿಸಿದರೆ, ಅಥವಾ ನೀವೇ ಒಳಗೊಳಗೆ "ಇನ್ನು ಕಳಿಸುವುದಿಲ್ಲ" ಅಂತ ನಿರ್ಧಾರ ಮಾಡಿಯಾಗಿದ್ದರೆ (ಹಾಗೇ ಇರಬೇಕು ಅಂತ ನನಗನ್ನಿಸುತ್ತದೆ), ಮುಂದೆ ಓದಿ.

ಶಿವಮೊಗ್ಗಕ್ಕೆ ಕರೆತರುವುದು. ಒಂದು ಹಾಳೆ ತಗೊಂಡು ಬೆಳಗಿನ ಐದರಿಂದ ಮರುದಿನ ಐದರವರೆಗೆ ಗಂಟೆಗಳನ್ನು ಬರೆಯಿರಿ. ಪ್ರತಿ ಗಂಟೆಯ ಎದುರಿಗೆ, ಆಗ ಕರಿಯ ಎಲ್ಲಿರುತ್ತಾನೆ, ಅವನ ಜೊತೆ ಯಾರಿರುತ್ತಾರೆ ಅಂತ ಬರೆಯಿರಿ. "ಹೊಂದಿಕೊಳ್ಳುತ್ತಾನೆ" ಅಂತ ಬರೆಯುವ ಹಾಗಿಲ್ಲ, ಆಳಿನ ಹೆಸರೇ ಬರೆಯಬೇಕು. ಏಳು ವರ್ಷ ಗಿಡದ ಬುಡ ಹುಡುಕಿಕೊಂಡು ಹೋಗಿ ಅಭ್ಯಾಸವಾದ ನಾಯಿ ಟೈಲ್ಸ್ ಮೇಲೆ ಉಚ್ಚೆ ಹೊಯ್ಯುವುದಿಲ್ಲ. ಕಟ್ಟಿಕೊಂಡು ಕೂರುತ್ತದೆ, ಹನ್ನೆರಡು ಗಂಟೆ ಬೇಕಾದರೂ. ದಿನಕ್ಕೆ ಮೂರು ನಾಲ್ಕು ಸಲ ಮೆಟ್ಟಿಲಿಳಿಸಿ ಬೀದಿಗೆ ಕರೆದೊಯ್ಯಬೇಕು. ಬೀದಿಯಲ್ಲಿ ಬೇರೆ ನಾಯಿಗಳಿವೆ, ಕರಿಯನ ಕೊರಳಿಗೆ ಹಗ್ಗದ ಅಭ್ಯಾಸವಿಲ್ಲ. ನೀವಿಬ್ಬರೂ ಹೊರಟ ಮೇಲೆ ಮನೆಯಲ್ಲಿ ಉಳಿಯುವುದು ವಾಕರ್ ಹಿಡಿದು ನಡೆಯುವ ಅಮ್ಮ. ನಾಯಿ ಖುಷಿಗೆ ಒಂದು ಸಲ ಕಾಲಿಗೆ ಸುತ್ತಿಕೊಂಡರೆ ಸಾಕು, ಇನ್ನೊಂದು ಸೊಂಟ ಹೋಗುತ್ತದೆ.

ಇಷ್ಟಾದರೂ ಆ ಹಾಳೆ ತುಂಬಿತು, ಮಾಲೀಕರೂ ಒಪ್ಪಿದರು ಅಂದರೆ ಕರೆತನ್ನಿ, ನಾನು ಬೇಡ ಅನ್ನುವುದಿಲ್ಲ. ನಾಯಿ ಕಾಲಬುಡದಲ್ಲಿದ್ದರೆ ಅಮ್ಮ ಎದ್ದು ಓಡಾಡುವುದು ಬೇಗ ಆದೀತು. ಮಾಲೀಕರಿಗೆ ಹೇಳದೆ ತಂದು ಬಚ್ಚಿಡುವುದು ಮಾತ್ರ ಬೇಡ. ಮೂರನೇ ದಿನ ಬೊಗಳಿ ಅದೇ ಹೇಳಿಬಿಡುತ್ತದೆ, ಆಗ ಒಂದು ವಾರದಲ್ಲಿ ಮನೆ ಹುಡುಕುವುದೋ ನಾಯಿ ಬಿಡುವುದೋ ಅನ್ನುವ ಸ್ಥಿತಿಗೆ ಬರುತ್ತೀರಿ. ನಿಮ್ಮ ಪತ್ರ ಓದಿದರೆ ಆ ಹಾಳೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗಿನ ಜಾಗ ಖಾಲಿ ಉಳಿಯುತ್ತದೆ ಅನ್ನಿಸುತ್ತದೆ.

ಹೋಂಸ್ಟೇಯವರು. ಫೋನಿನಲ್ಲಿ ಒಪ್ಪಬೇಡಿ, ಹೋಗಿ ನೋಡಿ. ಹೋದಾಗ ನಾಯಿ ಕಟ್ಟುವ ಜಾಗದ ನೆಲ ನೋಡಿ. ಗೂಟದ ಸುತ್ತ ಹುಲ್ಲು ಸವೆದು ಗುಂಡಗೆ ಬೋಳು ಬಿದ್ದಿದೆಯಾ? ಹಾಗಿದ್ದರೆ ಅಲ್ಲಿ ನಾಯಿ ಹಗಲೂ ರಾತ್ರಿ ಕಟ್ಟಿಕೊಂಡೇ ಇರುತ್ತದೆ. ಕಾಫಿ ಕುಡಿಯುತ್ತಾ ಸುಮ್ಮನೆ, "ನಿಮ್ಮ ಹಿಂದಿನ ನಾಯಿ ಏನಾಯ್ತು?" ಅಂತ ಕೇಳಿ. "ಚಿರತೆ ಹಿಡೀತು" ಅಂದರೆ, ಆಯಿತು, ನಮ್ಮ ಕಡೆ ಅದು ಯಾರ ಮನೆಯಲ್ಲೂ ಆಗಬಹುದು. "ಅದಕ್ಕೂ ಮುಂಚಿನದು?" ಅಂತ ಕೇಳಿ. "ಅದನ್ನೂ ಚಿರತೆ" ಅಂದರೆ ಕಾಫಿ ಲೋಟ ಕೆಳಗಿಟ್ಟು ಎದ್ದು ಬನ್ನಿ. ಅಲ್ಲಿ ನಾಯಿ ಖರ್ಚಿನ ಬಾಬ್ತು. ಇನ್ನೂ ಒಂದು ಮಾತು: ಹೋಂಸ್ಟೇಗೆ ವಾರವಾರ ಹೊಸ ಜನ, ಹೊಸ ಮಕ್ಕಳು. ಅಂಗಳಕ್ಕೆ ಬಂದವರನ್ನು ಬೊಗಳಿ ತಡೆಯುವುದೇ ತನ್ನ ಉದ್ಯೋಗ ಅಂದುಕೊಂಡ ನಾಯಿಗೆ ಅದು ಒಗ್ಗುವುದು ಕಷ್ಟ. ಯಾರದೋ ಮಗುವಿಗೆ ಹಲ್ಲು ತಾಗಿದ ದಿನ ಆ ಮನೆಯ ಬಾಗಿಲು ಕರಿಯನಿಗೆ ಮುಚ್ಚುತ್ತದೆ. ಲ್ಯಾಬ್ರಡಾರ್ ಆಗಿದ್ದರೆ ಬೇರೆ ಮಾತಾಡುತ್ತಿದ್ದೆ. (ಮಲೆನಾಡಿನ ಮಳೆಗೆ ಹಸ್ಕಿ ತಂದು ಸಾಕುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಬರೆದರೆ ಬೈಗುಳವಾಗುತ್ತದೆ.)

ಕೆಲಸದವರಿಗೇ ಕೊಟ್ಟುಬಿಡೋಣ ಅಂತಲೂ ನಿಮಗೆ ಅನ್ನಿಸಿರಬಹುದು. ಅವರು "ಆಯ್ತಮ್ಮ" ಅಂದದ್ದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ದಿನಗೂಲಿ ಕೊಡುವ ಮನೆಯ ಹೆಣ್ಣುಮಗಳು ಕೇಳಿದಾಗ ಇಲ್ಲ ಅನ್ನುವುದು ಸುಲಭವಿಲ್ಲ.

ಉಳಿದದ್ದು ಕೆಳಮನೆ. ನೀವು ಆವರಣದೊಳಗೆ ಒಂದೂವರೆ ಸಾಲು ಬರೆದು ದಾಟಿಹೋದ ಜಾಗ ಅದು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಬಿದ್ದಿದೆ ಅಂತ ನನಗೆ ಕಾಣುತ್ತದೆ.

ನೋಡಿ, ಕರಿಯ ಎರಡು ತಿಂಗಳಿಂದ ತಾನೇ ಒಂದು ಏರ್ಪಾಟು ಮಾಡಿಕೊಂಡಿದ್ದಾನೆ. ಮಧ್ಯಾಹ್ನ ಕೆಳಮನೆಗೆ ಹೋಗುತ್ತಾನೆ. ನಾಯಿ ಸುಮ್ಮನೆ ಹೋಗುವುದಿಲ್ಲ. ಮಕ್ಕಳು ಶಾಲೆಯಿಂದ ಬರುವ ಹೊತ್ತು, ಊಟದ ಎಲೆ ಎತ್ತುವ ಹೊತ್ತು, ಯಾರೋ ಒಬ್ಬರು "ಬಾ" ಅನ್ನುವ ಹೊತ್ತು ಅದಕ್ಕೆ ಗೊತ್ತಿರುತ್ತದೆ. ಅವರು ಕಲ್ಲು ಹೊಡೆದಿದ್ದರೆ ಎರಡನೇ ದಿನ ಹೋಗುತ್ತಿರಲಿಲ್ಲ. ಅಂದರೆ ನೀವೂ ಅವರೂ ಮಾತು ಬಿಟ್ಟಿದ್ದರೂ ಅವರು ನಿಮ್ಮ ನಾಯಿಗೆ ಅನ್ನ ಹಾಕುತ್ತಿದ್ದಾರೆ, ಯಾರಿಗೂ ಹೇಳದೆ. ಅಬ್ಬಿ ನೀರಿನ ಜಗಳ ನನಗೆ ಹೊಸದಲ್ಲ. ಮೇಲಿನ ಮನೆಯವರು ನೀರು ಹರಿಸುವ ದಂಬೆ ತಿರುಗಿಸಿದರು ಅಂತ ಮೂರು ತಲೆಮಾರು ಮಾತು ಬಿಟ್ಟ ಮನೆಗಳಿಗೆ ದನ ಹೆರಿಸಲು ಹೋಗಿದ್ದೇನೆ. ಕರು ಅಡ್ಡ ಸಿಕ್ಕಿ ರಾತ್ರಿ ಎರಡು ಗಂಟೆಗೆ ಎಳೆಯಲು ಆಳು ಬೇಕಾದಾಗ ಲಾಟೀನು ಹಿಡಿದು ಬಂದದ್ದು ಆ ಕೆಳಗಿನ ಮನೆಯವರೇ. ಬೆಳಿಗ್ಗೆ ಮತ್ತೆ ಮಾತಿಲ್ಲ. ಪ್ರಾಣಿಯ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ ಅಂತ ನಮ್ಮ ಕಡೆಯವರಿಗೆ ಗೊತ್ತು.

ನಾಯಿಯ ಕಡೆಯಿಂದಲೂ ನೋಡಿ. ಅದೇ ತೋಟ, ಬೇಲಿಯ ಅದೇ ದಣಪೆ, ಅಟ್ಟಲು ಅದೇ ಮಂಗಗಳು, ಅದೇ ಮಣ್ಣಿನ ವಾಸನೆ. ಅಂಗಳದಲ್ಲಿ ಕಟ್ಟಿಲ್ಲದೆ ಬೆಳೆದ ನಮ್ಮ ಕಡೆಯ ನಾಯಿಗಳಿಗೆ ಮನುಷ್ಯರಷ್ಟೇ ಜಾಗವೂ ಮುಖ್ಯ, ಮಾಡಲು ಕೆಲಸವೂ ಮುಖ್ಯ. ಅಮ್ಮ ಒಬ್ಬರನ್ನು ಬಿಟ್ಟರೆ ಕರಿಯ ಕಳೆದುಕೊಳ್ಳುವುದು ಏನೂ ಇಲ್ಲ. ಶಿವಮೊಗ್ಗಕ್ಕೆ ತಂದರೆ ಅಮ್ಮನೊಬ್ಬರನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೋಗುತ್ತದೆ.

ಹಾಗಂತ "ಹೆಂಗೂ ಅಲ್ಲೇ ಇರ್ತಾನಲ್ಲ" ಅಂತ ಸುಮ್ಮನಿರುವುದು ಆಗದು. ಕೇಳಬೇಕು, ಅವರು ಒಪ್ಪಬೇಕು, ಒಪ್ಪಿಸಬೇಕು. ಹಾಗೆ ಮಾಡದಿದ್ದರೆ ಅವನು ಎರಡು ಮನೆಯ ನಾಯಿಯಾಗಿ, ಕಾಯಿಲೆ ಬಿದ್ದ ದಿನ ಯಾರ ಮನೆಯದೂ ಅಲ್ಲದ ನಾಯಿಯಾಗುತ್ತಾನೆ. ಇವರು "ಅವರ ನಾಯಿ" ಅಂತಾರೆ, ನೀವು "ಅಲ್ಲೇ ಇದೆಯಲ್ಲ" ಅಂತೀರಿ.

ಒಪ್ಪಿಸುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಕೇಳಿ. ಕ್ವಾರ್ಟರ್ಸಿನಲ್ಲಿ ರಾಜು ಅಂತ ನಾಯಿ ಸಾಕಿದ್ದೆ. ದೂರಕ್ಕೆ ವರ್ಗವಾಯಿತು, ಹೋಗುವಲ್ಲಿ ಸಿಕ್ಕಿದ್ದು ಒಂದೇ ಕೋಣೆ. ಹನ್ನೆರಡು ಕಿಲೋಮೀಟರ್ ಆಚೆ ಪರಿಚಯದ ಒಂದು ಒಳ್ಳೇ ಮನೆ ಇತ್ತು, ತೋಟದವರು, ನಾಯಿ ಅಂದರೆ ಪ್ರೀತಿ. ಜೀಪಿನಲ್ಲಿ ಕರೆದುಕೊಂಡು ಹೋಗಿ, ಊಟ ಮಾಡಿ, "ಬಿಟ್ಟು ಅಭ್ಯಾಸ, ಪಾಪ, ಕಟ್ಟಬೇಡಿ" ಅಂತ ಹೇಳಿ ಬಂದೆ. ಜಾನುವಾರು ಡಾಕ್ಟರು ಹೇಳಿದ ಮೇಲೆ ಅವರು ಕಟ್ಟುತ್ತಾರಾ? ಹತ್ತು ದಿನದ ಮೇಲೆ ಹಳೆಯ ಆಸ್ಪತ್ರೆಯಿಂದ ಫೋನು ಬಂತು. ಮೂರನೇ ರಾತ್ರಿಯೇ ರಾಜು ಕ್ವಾರ್ಟರ್ಸಿಗೆ ವಾಪಸು ಬಂದಿತ್ತು. ಹೊಸದಾಗಿ ಬಂದವರಿಗೆ ಸಣ್ಣ ಮಗು, ಹೆದರಿ ಓಡಿಸಿದ್ದರು, ಅವರದ್ದೂ ತಪ್ಪಿಲ್ಲ. ಅಲ್ಲಿಂದ ಒಂದು ವಾರ ಆಸ್ಪತ್ರೆ ಹಿಂದೆ, ದನ ನಿಲ್ಲಿಸಿ ಇಂಜೆಕ್ಷನ್ ಕೊಡುವ ಮರದ ಚೌಕಟ್ಟಿನ ಅಡಿಯಲ್ಲಿ ಮಲಗಿಕೊಂಡಿತ್ತಂತೆ. ನಾನು ಹೋಗಿ ನೋಡಿದಾಗ ನಾಲ್ಕೂ ಪಾದದ ಅಡಿ ಸವೆದು ಹಸಿ ಮಾಂಸದ ಬಣ್ಣ ಬಂದಿತ್ತು. ಎತ್ತಿಕೊಂಡು ಅದೇ ತೋಟದ ಮನೆಗೆ ಮತ್ತೆ ಕರೆದೊಯ್ದೆ. ಈ ಸಲ ಹದಿನೈದು ದಿನ ಒಳಗೆ ಕಟ್ಟಿಸಿದೆ. ಆಮೇಲೆ ಆರು ವರ್ಷ ಅಲ್ಲೇ ಇತ್ತು. ನಾನು ಹೋದರೆ ಬಾಲ ಆಡಿಸಿ, ಒಂದು ಸಲ ಮೂಸಿ, ಆ ಮನೆಯ ಅಜ್ಜಿಯ ಹಿಂದೆ ಹೋಗುತ್ತಿತ್ತು. ಸ್ವಲ್ಪ ಬೇಜಾರೇ ಆಯಿತು ಅನ್ನಿ.

ಹಾಗಾಗಿ ಕೆಳಮನೆಯವರು ಒಪ್ಪಿದರೆ ಮೊದಲ ಎರಡು ವಾರ ಕರಿಯ ರಾತ್ರಿ ಅವರ ಒಳಗೇ ಮಲಗಬೇಕು, ಬಾಗಿಲು ಹಾಕಬೇಕು. ಅವನಿಗೆ ಹಗಲು ಆ ಮನೆ ಗೊತ್ತು, ರಾತ್ರಿ ಗೊತ್ತಿಲ್ಲ. ಕತ್ತಲಾಗುತ್ತಿದ್ದ ಹಾಗೆ ಮೇಲಿನ ಜಗಲಿಗೆ ಹೊರಡುತ್ತಾನೆ, ಆ ಹೊತ್ತಿಗೇ ರಾತ್ರಿಯ ಊಟ ಕೊಟ್ಟು ಕಟ್ಟಬೇಕು. ಅಳುತ್ತಾನೆ, ಕೂಗುತ್ತಾನೆ, ಎರಡು ಮೂರು ದಿನ ಅನ್ನ ಮೂಸಿ ಬಿಡಬಹುದು. ನೀರು ಕುಡಿಯುತ್ತಿದ್ದರೆ ಗಾಬರಿ ಬೇಡ. ನೀರೂ ಬೇಡ ಅಂದರೆ, ವಾಂತಿ ಮಾಡಿದರೆ, ಜ್ವರವಿದ್ದರೆ ಡಾಕ್ಟರಿಗೆ ತೋರಿಸಬೇಕು. ನಮ್ಮ ಕಡೆಯ ನಾಯಿಗಳಲ್ಲಿ ಉಣುಗಿನಿಂದ (ರಕ್ತ ಹೀರುವ ಉಣ್ಣೆಯಿಂದ) ಬರುವ ಜ್ವರ ತಿಂಗಳುಗಟ್ಟಲೆ ಒಳಗೇ ಅಡಗಿದ್ದು, ಮೈ ಸೋತಾಗ ಮೇಲೆದ್ದು ಬರುವುದುಂಟು. ಅಮ್ಮ ಹೊದೆಯುತ್ತಿದ್ದ ಹಳೆಯ ಸೀರೆಯೋ ಕಂಬಳಿಯೋ ಇದ್ದರೆ ಒಗೆಯದೆ ಕಳಿಸಿಕೊಡಿ, ಅದರ ಮೇಲೆ ಮಲಗಲಿ. ಕೆಲಸದವರಿಗೆ ಹೇಳಿ ನಿಮ್ಮ ಜಗಲಿಯಲ್ಲಿ ಅನ್ನ ಹಾಕುವುದನ್ನು ಆ ದಿನದಿಂದಲೇ ನಿಲ್ಲಿಸಿ. ಕಠಿಣ ಅನ್ನಿಸುತ್ತದೆ, ಆದರೆ ಎರಡು ಕಡೆ ಅನ್ನ ಸಿಕ್ಕರೆ ಅವನು ಯಾವ ಕಡೆಯೂ ನೆಲೆ ನಿಲ್ಲುವುದಿಲ್ಲ.

ಕೊಡುವ ಮೊದಲು ನಿಮ್ಮ ಖರ್ಚಿನಲ್ಲಿ ಆಗಬೇಕಾದ್ದು ಕೆಲವಿದೆ. ರೇಬಿಸ್ ಲಸಿಕೆ, ವರ್ಷಕ್ಕೊಮ್ಮೆಯದು. ಕಾರ್ಡು ಸಿಗದಿದ್ದರೆ ಹುಡುಕುತ್ತಾ ಕೂರದೆ ಈಗಲೇ ಹಾಕಿಸಿ. ಡಿಸ್ಟೆಂಪರ್, ಪಾರ್ವೋ, ಇಲಿಜ್ವರ ಸೇರಿರುವ ಲಸಿಕೆಯೂ ಬೇಕು. ಡಿಸ್ಟೆಂಪರ್ ಕಾಡಿಗೆ ಹೋಗುವ ನಾಯಿಯಿಂದ ಕಾಡುಪ್ರಾಣಿಗಳಿಗೂ ಹರಡುತ್ತದೆ. ಹೊಟ್ಟೆಹುಳಕ್ಕೆ ಮಾತ್ರೆ. ಸಂತಾನಹರಣ ಆಗಿಲ್ಲದಿದ್ದರೆ ಮಾಡಿಸಿ, ಏಳು ವರ್ಷಕ್ಕೂ ಮಾಡಬಹುದು, ಅಲೆಯುವುದು ಒಂದೆರಡು ತಿಂಗಳಲ್ಲಿ ಕಡಿಮೆಯಾಗುತ್ತದೆ. ತೀರ್ಥಹಳ್ಳಿಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಉಣುಗಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆ ಮನೆಯಲ್ಲಿ ಮಕ್ಕಳಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ, ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಮೊದಲು ಗುರುತಿಸಿದ್ದು, ಅದನ್ನು ಹರಡುವುದು ಕಾಡಿನ ಉಣುಗು. ಕಾಡು ಸುತ್ತಿ ಬಂದ ನಾಯಿ, ದನಗಳ ಮೈಮೇಲೆ ಅದು ಅಂಗಳಕ್ಕೆ ಬರಬಹುದು. ನಾಯಿಗೆ ಕೊಡುವ ಉಣುಗಿನ ಮಾತ್ರೆ ಈಗ ಸಿಗುತ್ತದೆ, ಕೆಲವು ಮೂರು ತಿಂಗಳು ಕೆಲಸ ಮಾಡುತ್ತವೆ. ತೂಕ ನೋಡಿ ಡಾಕ್ಟರು ಬರೆದುಕೊಡುತ್ತಾರೆ. ಬೆಲೆ ಜಾಸ್ತಿ, ಅದನ್ನು ನೀವು ಕೊಡಿ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ತಪ್ಪಿಸುವ ಹಾಗಿಲ್ಲ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಹಚ್ಚುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ನಾಯಿ ಮೈ ನೆಕ್ಕಿಕೊಂಡು ಜೊಲ್ಲು ಸುರಿಸಿ ನಡುಗುತ್ತಾ ಬರುತ್ತದೆ, ಕೆಲವು ಬದುಕುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿ.

ಜೊತೆಗೆ ಒಂದು ಹಾಳೆಯಲ್ಲಿ ಕರಿಯನ ಗುಣ ಬರೆದುಕೊಡಿ. ಯಾವ ಹೊತ್ತಿಗೆ ಊಟ, ಪಟಾಕಿಗೆ ಎಲ್ಲಿ ಅಡಗುತ್ತಾನೆ, ಊಟ ಮಾಡುವಾಗ ಮೈ ಮುಟ್ಟಿದರೆ ಗುರ್ ಅಂತಾನಾ. ಕಚ್ಚಿದ್ದುಂಟಾದರೆ ಅದನ್ನೂ ಬರೆಯಿರಿ, ಮುಚ್ಚಿಟ್ಟು ಕೊಟ್ಟರೆ ಕೊಟ್ಟ ಹಾಗಲ್ಲ. ಮಳೆಗಾಲದಲ್ಲಿ ಹಳ್ಳದ ನೀರು ಕುಡಿದು ಮೂಗಿಗೆ ಜಿಗಣೆ ಹೊಕ್ಕಿದ್ದಿದೆಯಾ? ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು ಇದ್ದರೆ ಅದೇ. ಸ್ವಲ್ಪ ಹೊತ್ತು ನೀರು ಕೊಡದೆ ಇಟ್ಟು, ಆಮೇಲೆ ಬಟ್ಟಲಲ್ಲಿ ತಣ್ಣೀರು ಮೂಗಿನ ಹತ್ತಿರ ಹಿಡಿದರೆ ಜಿಗಣೆ ನೀರಿನ ಆಸೆಗೆ ತಲೆ ಹೊರಗೆ ಹಾಕುತ್ತದೆ, ಬಟ್ಟೆಯಲ್ಲಿ ಹಿಡಿದು ಎಳೆಯಬೇಕು. ಒಂದೇ ಸಲಕ್ಕೆ ಸಿಗುವುದಿಲ್ಲ, ಜಾರುತ್ತದೆ. ಕೆಳಮನೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೇನೋ. ಹೋಂಸ್ಟೇಗಿಂತ ಆ ಮನೆ ಮೇಲು ಅನ್ನಲು ಇದೂ ಒಂದು ಕಾರಣ.

ದುಡ್ಡಿನ ಮಾತು. ಔಷಧಿ, ಲಸಿಕೆ, ಡಾಕ್ಟರ ಖರ್ಚು ಅವನು ಇರುವವರೆಗೂ ನಮ್ಮದು ಅಂತ ಹೇಳಿ, ಮಾತಿನಂತೆ ನಡೆಯಿರಿ. ಅನ್ನಕ್ಕೆ ಅಂತ ತಿಂಗಳಿಗಿಷ್ಟು ಕೊಡಲು ಹೋಗಬೇಡಿ. ದಾಯಾದಿಗಳ ನಡುವೆ ಅದು ಅವಮಾನವಾದೀತು. ಅದಕ್ಕಿಂತ ಹೆಚ್ಚಾಗಿ, ಅನ್ನಕ್ಕೆ ದುಡ್ಡು ಬರುವವರೆಗೆ ಅವನು "ಮೇಲ್ಮನೆ ನಾಯಿ"ಯಾಗಿಯೇ ಉಳಿಯುತ್ತಾನೆ. ಇನ್ನೊಂದು ಮಾತು ಸ್ಪಷ್ಟವಾಗಿರಲಿ: ಮುಂದೆ ಅವರಿಗೆ ಆಗದೇ ಹೋದರೆ ಬೇರೆ ಕಡೆ ದಾಟಿಸದೆ ನಿಮಗೇ ಫೋನ್ ಮಾಡಬೇಕು. ಆಗ ನೀವು ಎರಡನೇ ರಿಂಗಿಗೆ ಎತ್ತಬೇಕು.

ಅವರು ಆಗುವುದಿಲ್ಲ ಅಂದರೆ? ಅವರಲ್ಲಿ ಆಗಲೇ ಜಗಳಗಂಟ ಗಂಡು ನಾಯಿ ಇರಬಹುದು, ಬೇರೆ ಕಾರಣವಿರಬಹುದು. ಆಗ ಅದೇ ಊರಿನಲ್ಲಿ ಎರಡು ಮೂರು ಮನೆ ವಿಚಾರಿಸಿ, ಮೇಲೆ ಹೇಳಿದ ಕಾಫಿ ಲೋಟದ ಪರೀಕ್ಷೆ ಎಲ್ಲ ಕಡೆಯೂ ಮಾಡಿ. ನಾಲ್ಕೂ ಕಡೆ ಬಾಗಿಲು ಮುಚ್ಚಿದರೆ ಮಾತ್ರ ಶಿವಮೊಗ್ಗದಲ್ಲಿ ನೆಲದ ಮನೆ, ಕಾಂಪೌಂಡ್ ಇರುವ ಬಾಡಿಗೆ ಮನೆ ಹುಡುಕಿ. ಅಮ್ಮನ ಸೊಂಟಕ್ಕೂ ಮಹಡಿ ಮೆಟ್ಟಿಲು ಒಳ್ಳೆಯದೇನಲ್ಲ, ಅದು ಹೇಗಿದ್ದರೂ ನಿಮ್ಮ ತಲೆಯಲ್ಲಿರಲಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. "ಏನು ಮಾಡೋಣ" ಅಂತ ನೀವು ಕೇಳಿದ್ದಕ್ಕೆ ಅವರು ಗೋಡೆ ಕಡೆ ತಿರುಗಿದರು ಅಂತ ಬರೆದಿದ್ದೀರಿ. ಒಂದು ವರ್ಷದಲ್ಲಿ ಗಂಡ ಹೋದರು, ಮನೆ ಹೋಯಿತು, ಸ್ವಂತ ಕಾಲ ಮೇಲೆ ನಿಲ್ಲುವುದೂ ಹೋಯಿತು. ಇಷ್ಟರಲ್ಲಿ ಯಾವುದನ್ನೂ ಅವರನ್ನು ಕೇಳಿ ಯಾರೂ ಮಾಡಲಿಲ್ಲ. ನಾಯಿಯ ವಿಷಯವನ್ನು ನೀವು ಕೇಳಿದಿರಿ, ನಿಜ, ಆದರೆ ನಿಮ್ಮ ಮುಖದಲ್ಲಿ ಉತ್ತರ ಆಗಲೇ ಇತ್ತೇನೋ. ಇನ್ನೊಮ್ಮೆ ಕೇಳಬೇಡಿ. ಒಂದು ಕೆಲಸ ಕೊಡಿ. ಕೆಳಮನೆಯವರ ಜೊತೆ ಮಾತಾಡಬೇಕಾದವರು ನೀವಲ್ಲ, ನಿಮ್ಮ ಮನೆಯವರಂತೂ ಅಲ್ಲವೇ ಅಲ್ಲ. ಐವತ್ತು ವರ್ಷ ಅದೇ ಬೇಲಿಯ ಈಚೆ ಬದುಕಿದವರು ಅಮ್ಮ. ಗಂಡಸರು ಮಾತು ಬಿಟ್ಟರೂ ಬೇಲಿಯ ಮೇಲಿಂದ ಮಜ್ಜಿಗೆ ಮೆಣಸೋ ಕರಿಬೇವೋ ದಾಟದೆ ಇರುವುದು ನಮ್ಮ ಕಡೆ ಕಡಿಮೆ.

ಕರಿಯ ಹೊಸ ಮನೆಗೆ ಒಗ್ಗುವವರೆಗೆ, ಒಂದು ತಿಂಗಳು, ನೀವು ಆ ಕಡೆ ಹೋಗಬೇಡಿ. ವಿಡಿಯೋ ಕಾಲಿನಲ್ಲಿ ಅಮ್ಮನ ಧ್ವನಿ ಕೇಳಿಸಿ ಅವನನ್ನು ಮನೆಯೆಲ್ಲ ಹುಡುಕಿಸಬೇಡಿ, ಫೋಟೋ ತರಿಸಿ ಅಮ್ಮನಿಗೆ ತೋರಿಸಿ. ಆಮೇಲೆ ಅಡಿಕೆ ಕೊಯ್ಲಿಗೋ ಹಬ್ಬಕ್ಕೋ ಊರಿಗೆ ಹೋದಾಗ ಅಮ್ಮನನ್ನು ಕೆಳಮನೆಯ ಜಗಲಿಯಲ್ಲೇ ಕೂರಿಸಿ, ನಿಮ್ಮ ಜಗಲಿಯಲ್ಲಿ ಬೇಡ.

ಈಗ ಅಮ್ಮನ ಕೈಗೆ ಫೋನ್ ಕೊಡಿ. ಕೆಳಮನೆಯ ನಂಬರ್ ನಿಮ್ಮ ಹತ್ತಿರ ಇಲ್ಲದೆ ಇರಬಹುದು, ಅವರ ಹತ್ತಿರ ಇರುತ್ತದೆ ನೋಡಿ.